ಕರೆಂಟು ಬಂದಾಗಲೆಲ್ಲ ಅಣ್ಣ ಟೈಪಿಸುತ್ತಿದ್ದ ವಾಕ್ಯ

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಅತ್ತಿಗೆಯ ಕಡೆ. ಒಡಹುಟ್ಟಿದ ಅಣ್ಣನನ್ನು ಬಿಟ್ಟು ಅವನ ಹೆಂಡತಿಯ ಪಕ್ಷ ಹಿಡಿದಳಲ್ಲ ಎಂದು ನಮ್ಮ ಬಳಗದವರು ಆಡಿಕೊಂಡರು. ಆಡಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕು. ನಮ್ಮಣ್ಣ ಮಾಡಿದ್ದನ್ನು ಅವರ ಮನೆಯಲ್ಲಿ ಯಾರಾದರೂ ಮಾಡಿದ್ದರೆ ಆಗ ಅವರ ನ್ಯಾಯ ಎಷ್ಟು ಗಟ್ಟಿ ಎಂದು ನೋಡುತ್ತಿದ್ದೆ. ನನಗೆ ಬಾಯಿ ಜೋರು ಎನ್ನುತ್ತಾರೆ. ಅದನ್ನೂ ಒಪ್ಪುತ್ತೇನೆ. ಲಾಂಡ್ರಿಯ ಕೌಂಟರಿನಲ್ಲಿ ನಿಂತು, ಕಲೆ ಹೋಗಲಿಲ್ಲ ಎಂದು ಜಗಳಕ್ಕೆ ಬರುವವರನ್ನು ದಿನಾ ಎದುರಿಸುವವಳಿಗೆ ಬಾಯಿ ಮೆತ್ತಗಿದ್ದರೆ ನಡೆಯುತ್ತದೆಯೇ?

ಅತ್ತಿಗೆ ಹಾಗಲ್ಲ. ಅವಳದು ಮಾತು ಕಡಿಮೆ. ಅವಳ ಕೆಲಸಕ್ಕೆ ಪೇಟೆಯಲ್ಲಿ ಪಂಚಿಂಗ್ ಎನ್ನುತ್ತಾರೆ. ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು ತಾನಾಗಿ ಹೂವು ಹೊಲಿಯುವುದಿಲ್ಲ. ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ಕಡೆಗೆ ವಾಲಬೇಕು, ಎಲ್ಲಿ ಕತ್ತರಿಸಬೇಕು, ಮೇಲಿನ ಹೊಲಿಗೆ ಕುಸಿಯದ ಹಾಗೆ ಕೆಳಗೆ ಆಧಾರದ ಹೊಲಿಗೆ ಹೇಗೆ ಹಾಕಬೇಕು ಎಂದು ಒಂದೊಂದನ್ನೂ ಯಾರಾದರೂ ಮುಂಚೆಯೇ ಕಂಪ್ಯೂಟರಿನ ಮುಂದೆ ಕೂತು ಹೇಳಿಕೊಡಬೇಕು. ಆ ಯಾರಾದರೂ ನಮ್ಮ ಅತ್ತಿಗೆ. ಬೇರೆಯವರು ಮಾಡಿದ ಡಿಸೈನು ಹೊಲಿದರೆ ತೆಳು ಬಟ್ಟೆ ಮುಖ ಸಿಂಡರಿಸಿಕೊಳ್ಳುತ್ತದೆ. ಇವಳು ಮಾಡಿದ್ದಕ್ಕೆ ಒಂದು ನೆರಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ಕೂತರೆ ಎದುರಿನವರ ಅಂಗಿಯ ಜೇಬನ್ನೇ ನೋಡುತ್ತಾಳೆ. ಒಬ್ಬ ಗೃಹಸ್ಥ ರೇಗಿ, "ಏನಮ್ಮ, ಜೇಬಿನ ಮೇಲೆ ಕಣ್ಣು?" ಎಂದು ಕೇಳಿಯೇಬಿಟ್ಟ. ಇವಳು ತಣ್ಣಗೆ, "ನಿಮ್ಮ ಸಿಂಹದ ಬಾಲದ ಹತ್ತಿರ ದಾರ ಬಿಟ್ಟಿದೆ, ಎಳೀಬೇಡಿ, ಇಡೀ ಸಿಂಹ ಬಿಚ್ಚಿಹೋಗುತ್ತೆ" ಎಂದಳು. ಪಾಪ, ಆತ ಇಳಿಯುವ ತನಕ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ.

ನಾವಿಬ್ಬರೂ ಒಂದೇ ವಯಸ್ಸಿನವರು, ಆದ್ದರಿಂದ ನಮ್ಮಲ್ಲಿ ನೀವು ತಾವು ಇಲ್ಲ. ನಾನು ಗಂಡನ ಮನೆ ಬಿಟ್ಟು ಬಂದಾಗ ಒಂದು ಪ್ರಶ್ನೆ ಕೇಳದೆ ತನ್ನ ಬೀರುವಿನ ಅರ್ಧ ಖಾಲಿ ಮಾಡಿಕೊಟ್ಟವಳು ಅತ್ತಿಗೆ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ನಾನು. ಅಣ್ಣ ಪೇಟೆ ಸುತ್ತಿ ಆರ್ಡರು ತರುತ್ತಿದ್ದ. ಅತ್ತಿಗೆ ಕೂತು ಮಾಡುತ್ತಿದ್ದಳು. ಅವಳು ಮಾಡಿದ ಡಿಸೈನುಗಳೆಲ್ಲ ಇದ್ದದ್ದು ಅಡುಗೆಮನೆಯ ಹಿಂದಿನ ಸ್ಟೋರ್ ರೂಮಿನಲ್ಲಿ, ವಾಷಿಂಗ್ ಮಷೀನಿನ ಪಕ್ಕದ ಒಂದು ಹಳೇ ಕಂಪ್ಯೂಟರಿನಲ್ಲಿ. ಅದಕ್ಕೆ ಸರ್ವರ್ ಎಂದು ಹೆಸರು. ಗಿರಾಕಿಗಳು ತರುವ ಪೆನ್‌ಡ್ರೈವಿನಲ್ಲಿ ವೈರಸ್ಸು ಬಂದು ಬಂದು ರೋಸಿಹೋಗಿ ಅತ್ತಿಗೆ ಅದರಲ್ಲಿದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದಳು. ಅಲ್ಲಿ ಇಲ್ಲಿ ಓದಿ, ವಿಡಿಯೋ ನೋಡಿ, ತಪ್ಪು ಮಾಡಿ, ತಲೆ ಚಚ್ಚಿಕೊಂಡು ತಾನೇ ಕಲಿತದ್ದು.

ಕಳ್ಳತನ ಸಿಕ್ಕಿಬಿದ್ದದ್ದು ನನ್ನ ಕೌಂಟರಿನಲ್ಲಿ. ಒಂದು ಹೋಟೆಲಿನ ಏಪ್ರನ್ನುಗಳು ತೊಳೆಯಲು ಬಂದಿದ್ದವು. ಎದೆಯ ಮೇಲೆ ಒಂದು ಕೊಕ್ಕರೆ. ಎಷ್ಟು ಚೆನ್ನಾಗಿತ್ತೆಂದರೆ, ಇದು ಅತ್ತಿಗೆಯದೇ ಕೈ ಎಂದು ನನಗೂ ಗೊತ್ತಾಯಿತು. ಹೊಗಳಿಸಿಕೊಳ್ಳಲಿ ಎಂದು ಒಂದನ್ನು ಮನೆಗೆ ತಂದು ತೋರಿಸಿದೆ. ಅತ್ತಿಗೆ ಬಟ್ಟೆ ತಿರುಗಿಸಿ ಹಿಂಭಾಗ ನೋಡಿದಳು, ಮತ್ತೆ ಮುಂಭಾಗ ನೋಡಿದಳು. ಮುಖದಲ್ಲಿ ರಕ್ತ ಇರಲಿಲ್ಲ.

"ಇದನ್ನ ನಾನು ಯಾರಿಗೂ ಕೊಟ್ಟಿಲ್ಲ. ಇನ್ನೂ ಮುಗಿಸೇ ಇಲ್ಲ. ಎರಡನೇ ಕಾಲು ಹಾಕೋದು ಬಾಕಿ ಇತ್ತು."

ಕೊಕ್ಕರೆ ಒಂಟಿ ಕಾಲಿನಲ್ಲೇ ನಿಲ್ಲುವ ಹಕ್ಕಿಯಾದ್ದರಿಂದ ಕದ್ದವರಿಗೆ ಅನುಮಾನವೇ ಬಂದಿರಲಿಲ್ಲ. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಅತ್ತಿಗೆಯ ಮುಖ ನೋಡಿ ನಗು ನುಂಗಿಕೊಂಡೆ.

ಹೋಟೆಲಿನವರನ್ನು ವಿಚಾರಿಸಿದರೆ, ಅದನ್ನು ಹೊಲಿದವನು ಪೇಟೆಯಲ್ಲಿ ಹನ್ನೆರಡು ತಲೆ ಎಂದು ಕರೆಸಿಕೊಳ್ಳುವವನು. ಒಂದೇ ಸಲಕ್ಕೆ ಹನ್ನೆರಡು ಬಟ್ಟೆ ಹೊಲಿಯುವ ಮಷೀನು ಇಟ್ಟಿದ್ದಾನೆ, ಅದಕ್ಕೆ ಆ ಹೆಸರು. ಅವನದೇ ತಲೆ ಮಾತ್ರ ಖಾಲಿ. ಅತ್ತಿಗೆಯ ಡಿಸೈನುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಿ ಅವನಿಗೆ ಮಾರುತ್ತಿದ್ದವನು ನಮ್ಮಣ್ಣ. ಅದೂ ತಾನೇ ಕೂತು ಮಾಡಿದ್ದು ಎಂದು ಹೇಳಿ! ಮಷೀನಿಗೆ ದಾರ ಪೋಣಿಸಲು ಬರದ ಮನುಷ್ಯ.

ಇದು ಗೊತ್ತಾದ ದಿನ ಮನೆಯಲ್ಲಿ ಏನೇನು ನಡೆಯಿತೋ ನನಗೆ ಪೂರ್ತಿ ಗೊತ್ತಿಲ್ಲ, ನನಗೆ ಮಧ್ಯಾಹ್ನದ ಪಾಳಿ ಇತ್ತು. ನಾನು ವಾಪಸು ಬರುವ ಹೊತ್ತಿಗೆ ಅಣ್ಣ ಸೋಫಾದ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಮ್ಮ ತನ್ನ ಕೋಣೆ ಸೇರಿದ್ದಳು. ಅತ್ತಿಗೆ ಸ್ಟೋರ್ ರೂಮಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಸಿದ್ಧತೆಯಲ್ಲಿದ್ದಳು. ಬೀಗ ಎಂದರೆ ಕಬ್ಬಿಣದ್ದಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಯಾರಿಗೂ ಅರ್ಥವಾಗದಂತೆ ಕಲಸಿಡುವುದು. ಸರ್ವರ್ ಶುರುವಾಗುವಾಗ ಒಂದು ಗುಟ್ಟಿನ ಮಾತು ಟೈಪ್ ಮಾಡಿದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ಆ ಪೆಟ್ಟಿಗೆ ಬರೀ ತೂಕ.

ಅತ್ತಿಗೆ ಅಣ್ಣನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಅಣ್ಣ ಮನೆಯಲ್ಲಿ ಉಳಿಯಬೇಕಾದರೆ ಒಂದೇ ಒಂದು ಷರತ್ತು: ಗುಟ್ಟಿನ ಮಾತನ್ನು ಅವಳು ಹೇಳುತ್ತಾಳೆ, ಅವನು ತನ್ನ ಕೈಯಾರೆ ಟೈಪ್ ಮಾಡಬೇಕು. ಅವತ್ತು ಮಾತ್ರವಲ್ಲ, ಕರೆಂಟು ಹೋಗಿ ಬಂದಾಗಲೆಲ್ಲ. ಎಲ್ಲೇ ಇದ್ದರೂ ಬಂದು, ಅವನೇ. ಆ ಮಾತು ಒಂದು ಇಡೀ ವಾಕ್ಯ ಎಂದಷ್ಟೇ ನನಗೆ ಗೊತ್ತಾದದ್ದು. ಅದರಲ್ಲಿ ಅಣ್ಣ ತನ್ನ ಬಾಯಿಂದಲೇ ತಾನು ಏನು ಎಂದು ಹೇಳಿಕೊಳ್ಳಬೇಕಿತ್ತು. ಏನದು ಎಂದು ಎಷ್ಟು ಕೆದಕಿದರೂ ಅತ್ತಿಗೆ, "ಅದು ನನಗೂ ಆ ಮನುಷ್ಯನಿಗೂ ಮಧ್ಯದ್ದು" ಎಂದಳು. ಅವತ್ತಿನಿಂದ ಅವಳ ಬಾಯಲ್ಲಿ ಗಂಡ 'ಆ ಮನುಷ್ಯ'ನಾದ.

ಕಳ್ಳನ ಕೈಗೇ ಬೀಗದ ಕೈ ಕೊಟ್ಟಳಲ್ಲ ಎನ್ನಬೇಡಿ. ಡಿಸ್ಕು ತೆರೆದ ಮೇಲೂ ಒಳಗೆ ಹೋಗಲು ಇನ್ನೊಂದು ಪಾಸ್‌ವರ್ಡು ಇತ್ತು, ಅದು ಅತ್ತಿಗೆಗೆ ಮಾತ್ರ ಗೊತ್ತಿದ್ದದ್ದು. ಅಣ್ಣನದು ಗೇಟು ತೆಗೆಯುವ ಕೆಲಸ. ಗೇಟು ತೆಗೆದು, ತಾನು ಎಂಥವನೆಂದು ಹೇಳಿಕೊಂಡು, ಹೊರಗೇ ನಿಲ್ಲಬೇಕು.

ನಮ್ಮ ಬೀದಿಯ ಕರೆಂಟಿಗೆ ಮಾನ ಮರ್ಯಾದೆ ಇಲ್ಲ, ಯಾವಾಗ ಬೇಕಾದರೂ ಹೋಗುತ್ತದೆ. ಸರ್ವರಿಗೆ ಇದ್ದ ಬ್ಯಾಟರಿ ಮುದಿಯಾಗಿತ್ತು, ಸ್ವಲ್ಪ ಹೊತ್ತು ಏದುಸಿರು ಬಿಟ್ಟು ಮಲಗಿಬಿಡುತ್ತಿತ್ತು. ಕರೆಂಟು ಬಂದ ಕೂಡಲೆ ಅತ್ತಿಗೆ ಅಣ್ಣನಿಗೆ ಫೋನು ಮಾಡಿ "ಬಂತು" ಎಂದಷ್ಟೇ ಹೇಳಿ ಇಡುತ್ತಿದ್ದಳು. ಅಣ್ಣ ಪೇಟೆಯ ಆ ತುದಿಯಲ್ಲಿದ್ದರೂ ಓಡಿ ಬರಬೇಕು. ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ಕೀಬೋರ್ಡು. ಅವನು ನಿಂತುಕೊಂಡು ಎರಡೇ ಬೆರಳಿನಲ್ಲಿ ಕುಟ್ಟುತ್ತಿದ್ದ. ಟೈಪ್ ಮಾಡಿದ್ದು ಪರದೆಯ ಮೇಲೆ ಕಾಣಿಸುವುದಿಲ್ಲ, ಒಂದಕ್ಷರ ತಪ್ಪಿದರೂ ಮೊದಲಿಂದ. ಹೊರಗೆ ಬರುವಾಗ ಅವನ ಕಿವಿ ಕೆಂಪಗಾಗಿರುತ್ತಿತ್ತು. ಅತ್ತಿಗೆ ಅವನ ಕಡೆ ನೋಡದೆ ಕೆಲಸಕ್ಕೆ ಕೂರುತ್ತಿದ್ದಳು. ಕರೆಂಟು ಹೋದರೆ ಬೀದಿಯವರೆಲ್ಲ ಶಾಪ ಹಾಕುತ್ತಿದ್ದರು, ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಇನ್ನೊಂದು ಸಲ ಹೋಗಬಾರದೇ ಎನಿಸುತ್ತಿತ್ತು. ಅನುಭವಿಸಲಿ, ಬೇಕು ಅವನಿಗೆ.

ಇದು ಹೀಗೆ ಕೆಲವು ತಿಂಗಳು ನಡೆಯಿತು. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ತಟ್ಟೆಯಿಂದ ಕಣ್ಣೆತ್ತದೆ ಅತ್ತಿಗೆಯನ್ನು ಕೇಳಿದಳು: "ಅದು ತಾನಾಗೇ ತೆರ್ಕೊಳ್ಳೋ ಹಾಗೆ ಮಾಡಕ್ಕಾಗಲ್ವೇನಮ್ಮ? ಸಾಕು ಇನ್ನು."

ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಮುದ್ದಿನ ಮಗನ ಬೆರಳು ಸವೆದುಹೋಯ್ತೇನಮ್ಮ? ಕದಿಯೋವಾಗ ಸವೀಲಿಲ್ವಾ?" ಎಂದೆ. ಅಮ್ಮ ಎದ್ದು ಕೈ ತೊಳೆದಳು. ಅತ್ತಿಗೆ ಯಾರ ಮಾತು ಮೀರಿದರೂ ಅತ್ತೆಯ ಮಾತು ಮೀರುವವಳಲ್ಲ. "ಆಗುತ್ತೆ ಅತ್ತೆ, ಮಾಡ್ತೀನಿ" ಎಂದಳು.

ಮಾಡಿದಳು. ಸೋಪಿನ ಡಬ್ಬಿಯಷ್ಟೇ ಇರುವ ಒಂದು ಪುಟ್ಟ ಪೆಟ್ಟಿಗೆ ತಂದು, ಮೆಟ್ಟಿಲ ಕೆಳಗೆ ಇಂಟರ್ನೆಟ್ಟಿನ ರೌಟರ್ ಪಕ್ಕ ಇಟ್ಟು ವೈರು ಜೋಡಿಸಿದಳು. ಸರ್ವರ್ ಎದ್ದ ಕೂಡಲೆ ಮನೆಯೊಳಗಿನ ವೈರಿನಲ್ಲೇ, ಇದ್ದೀಯಾ ಎಂದು ಆ ಪೆಟ್ಟಿಗೆಯನ್ನು ಕೇಳುತ್ತದೆ. ಪೆಟ್ಟಿಗೆ, ಇದ್ದೀನಿ ಎಂದರೆ ಡಿಸ್ಕು ತೆರೆಯುತ್ತದೆ. ಯಾರಾದರೂ ಸರ್ವರನ್ನು ಹೊತ್ತುಕೊಂಡು ಹೋದರೆ ಅಲ್ಲಿ ಉತ್ತರ ಕೊಡುವವರಿಲ್ಲ, ಡಿಸ್ಕು ತೆರೆಯುವುದಿಲ್ಲ. ಪೆಟ್ಟಿಗೆ ಕೆಟ್ಟರೆ ಇರಲಿ ಎಂದು ಹಳೆಯ ವಾಕ್ಯವನ್ನು ತೆಗೆಯದೆ ಹಾಗೇ ಬಿಟ್ಟಳು. ಎರಡು ದಾರಿ ಇದೆ, ಇನ್ನೇನು ಭಯ ಎಂದುಕೊಂಡೆವು. ಅವತ್ತಿನಿಂದ ಕರೆಂಟು ಹೋದರೂ ಬಂದರೂ ಯಾರೂ ಸ್ಟೋರ್ ರೂಮಿಗೆ ಹೋಗಬೇಕಾಗಲಿಲ್ಲ. ನನ್ನ ಸಂತೋಷಕ್ಕೆ ಕಲ್ಲು ಬಿತ್ತು.

ಶಿಕ್ಷೆ ತಪ್ಪಿದ್ದೇ ತಡ, ಅಣ್ಣ ಬಾಲ ಬಿಚ್ಚಿದ. ಮೊದಲು ಮೀಸೆ ತಿರುವಿದ, ಆಮೇಲೆ ತಡವಾಗಿ ಬರತೊಡಗಿದ, ಕೊನೆಗೆ ಒಂದು ದಿನ ಹನ್ನೆರಡು ತಲೆಯ ಜೊತೆ ಪಾಲುದಾರನಾಗಿದ್ದೇನೆ, ಅಲ್ಲೇ ಮಹಡಿಯಲ್ಲಿ ಮನೆ ಎಂದ. ಹೋಗುವಾಗ ತನ್ನದು ಎನ್ನುವುದನ್ನೆಲ್ಲ ಬಿಚ್ಚಿಕೊಂಡು ಹೋದ. ಬಾಗಿಲ ಹಿಂದಿನ ಬಟ್ಟೆ ಕೊಕ್ಕೆಯ ಸ್ಕ್ರೂ ಕೂಡ ಬಿಡಲಿಲ್ಲ, ಅಂಥ ಜಿಪುಣ ಜನ್ಮ. ಇಂಟರ್ನೆಟ್ಟು ಅವನ ಹೆಸರಿನಲ್ಲಿತ್ತು, ಆದ್ದರಿಂದ ರೌಟರು, ಅದಕ್ಕೆ ಅಂಟಿಕೊಂಡದ್ದು, ವೈರಿನ ಗೊಂಚಲು ಎಲ್ಲವನ್ನೂ ಒಂದು ಚೀಲಕ್ಕೆ ತುರುಕಿಕೊಂಡ. ತೊಲಗಿದನಲ್ಲ ಎಂಬ ಖುಷಿಯಲ್ಲಿ ನಾವು ಚೀಲದಲ್ಲಿ ಏನಿದೆ ಎಂದು ನೋಡಲಿಲ್ಲ. ಸರ್ವರ್ ಆಗ ತೆರೆದೇ ಇತ್ತು, ಕೆಲಸ ಮಾಡುತ್ತಲೇ ಇತ್ತು. ಅತ್ತಿಗೆ ತನ್ನ ಕಂಪ್ಯೂಟರಿನಿಂದ ಅದಕ್ಕೆ ನೇರ ಒಂದು ವೈರು ಎಳೆದುಕೊಂಡು ಕೂತಳು.

ಅದೇ ಸಮಯಕ್ಕೆ ಒಂದು ದೊಡ್ಡ ಯೂನಿಫಾರ್ಮ್ ಕಂಪನಿಯ ಯಜಮಾನಿ ತನ್ನ ಎಲ್ಲ ಡಿಸೈನುಗಳನ್ನೂ ಇನ್ನು ಮೇಲೆ ಒಬ್ಬರಿಂದಲೇ ಮಾಡಿಸುತ್ತೇನೆ ಎಂದು ಹೊರಟಿದ್ದಳು. ಈವರೆಗೆ ಮಾಡಿದ್ದನ್ನೆಲ್ಲ ತೋರಿಸಬೇಕು, ನೋಡಿ ಆರಿಸುತ್ತಾಳೆ. ಕಣದಲ್ಲಿ ಇದ್ದವರು ಇಬ್ಬರೇ, ಅತ್ತಿಗೆ ಮತ್ತು ಹನ್ನೆರಡು ತಲೆ. ಅವನ ಹತ್ತಿರ ಇದ್ದದ್ದು ಅಣ್ಣ ಕದ್ದು ಕೊಟ್ಟ ಹಳೆಯವು. ಅತ್ತಿಗೆಯ ಹತ್ತಿರ ಅವೂ ಇದ್ದವು, ಆಮೇಲೆ ಮಾಡಿದ ಇನ್ನೂ ಚೆಂದದವೂ ಇದ್ದವು. "ಬರಲಿ, ಪಕ್ಕಪಕ್ಕ ಇಟ್ಟು ತೋರಿಸ್ತೀನಿ" ಎಂದು ಅತ್ತಿಗೆ ಮೊದಲ ಬಾರಿಗೆ ಹಲ್ಲು ಕಾಣುವ ಹಾಗೆ ನಕ್ಕಳು.

ಆಗ ಕರೆಂಟು ಹೋಯಿತು. ಬಂತು. ಅತ್ತಿಗೆಯ ಪರದೆಯಲ್ಲಿ ಒಂದು ಫೈಲೂ ಇಲ್ಲ. ಇಬ್ಬರೂ ಸ್ಟೋರ್ ರೂಮಿಗೆ ಓಡಿದೆವು. ಸರ್ವರು ಗುಟ್ಟಿನ ಮಾತು ಕೇಳುತ್ತ ನಿಂತಿತ್ತು. ಮೆಟ್ಟಿಲ ಕೆಳಗೆ ನೋಡಿದರೆ ಪೆಟ್ಟಿಗೆ ಇದ್ದ ಜಾಗದಲ್ಲಿ ಧೂಳಿನ ಮಧ್ಯೆ ಒಂದು ಚೌಕ ಮಾತ್ರ ಇತ್ತು.

"ಹೋಗಲಿ, ವಾಕ್ಯ ಇದೆಯಲ್ಲ, ಟೈಪ್ ಮಾಡು" ಎಂದೆ ನಾನು.

ಅತ್ತಿಗೆ ಕೀಬೋರ್ಡಿನ ಮೇಲೆ ಕೈ ಇಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು. "ನನಗೆ ನೆನಪಿಲ್ಲ ಕಣೇ" ಎಂದಳು.

ಅವಳು ಅದನ್ನು ಒಂದು ಸಲವೂ ಟೈಪ್ ಮಾಡಿರಲಿಲ್ಲ! ಅವತ್ತು ಕೋಪದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅವನು ಕುಟ್ಟಿದ್ದ, ಅಷ್ಟೇ. ಅಕ್ಷರದ ಬಗ್ಗೆ ಅನುಮಾನ ಇರಲಿಲ್ಲ. ಅವಳು ಫೈಲುಗಳಿಗೆ ಹೆಸರಿಡುವ ರೀತಿಯಲ್ಲೇ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಮಾತೇ ನೆನಪಿರಲಿಲ್ಲ. "ನಾನು ಅಂತ ಶುರುವಾಗುತ್ತೆ. ಕಳ್ಳ ಅನ್ನೋದು ಇತ್ತು. ಮಿಕ್ಕಿದ್ದು ಏನಂದೆನೋ, ಅವತ್ತು ನನಗೆ ಮೈಮೇಲೆ ಪ್ರಜ್ಞೆ ಇರ್ಲಿಲ್ಲ." ಡಿಸೈನುಗಳ ಎರಡನೇ ಪ್ರತಿ ಎಲ್ಲಿ ಎಂದು ಕೇಳಿದೆ. ಅದೂ ಅದೇ ಡಬ್ಬಿಯೊಳಗಿನ ಇನ್ನೊಂದು ಡಿಸ್ಕಿನಲ್ಲಿ, ಅದೇ ಬೀಗದ ಹಿಂದೆ. ಡಿಸ್ಕು ತೆರೆಯದಿದ್ದರೆ ಅತ್ತಿಗೆ ಪಂಚಿಂಗ್ ಕಲಿತ ದಿನದಿಂದ ಮಾಡಿದ್ದೆಲ್ಲ ಮಣ್ಣು. ಆಮೇಲೆ ಜಗತ್ತಿನಲ್ಲಿ ಉಳಿಯುವುದು ಕಳ್ಳನ ಹತ್ತಿರ ಇರುವುದು ಮಾತ್ರ, ಅದೂ ಅವನ ಹೆಸರಿನಲ್ಲಿ.

ಶುರು ಮಾಡಿದೆವು. ನಾನು ಬೈಗುಳ ಹೇಳುವುದು, ಅತ್ತಿಗೆ ಟೈಪ್ ಮಾಡುವುದು. ನಾನು ಕಟ್ಟಿಕೊಂಡ ಹೆಂಡತಿಗೆ ಕನ್ನ ಹಾಕಿದ ಕಳ್ಳ. ತಪ್ಪು. ನಾನು ಉಂಡ ಮನೆಗೆ ಎರಡು ಬಗೆದ ಕಳ್ಳ. ತಪ್ಪು. ನಾನು ಹೆಂಡತಿ ದುಡಿದದ್ದರಲ್ಲಿ ಮೆರೆಯುವ ಲಜ್ಜೆಗೆಟ್ಟ ಕಳ್ಳ. ತಪ್ಪು. ಲಾಂಡ್ರಿಯಲ್ಲಿ ಗಳಿಸಿದ ವಿದ್ಯೆಯನ್ನೆಲ್ಲ ಧಾರೆ ಎರೆದೆ. ಒಂದು ಹಂತದಲ್ಲಿ ಅತ್ತಿಗೆ, "ಇದನ್ನ ನಾನು ಹೇಳಿರಕ್ಕೆ ಸಾಧ್ಯವೇ ಇಲ್ಲ, ನನಗೆ ಇದರ ಅರ್ಥವೇ ಗೊತ್ತಿಲ್ಲ" ಎಂದಳು. ಬೈದು ಬೈದು ನನ್ನ ಹೊಟ್ಟೆ ತಣ್ಣಗಾಯಿತೇ ಹೊರತು ಡಿಸ್ಕು ತೆರೆಯಲಿಲ್ಲ. ಅತ್ತಿಗೆ ವಾಷಿಂಗ್ ಮಷೀನಿಗೆ ಒರಗಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವನಿಗೆ ನೆನಪಿರುತ್ತೆ" ಎಂದೆ.

"ಇರುತ್ತೆ. ಅಕ್ಷರ ಅಕ್ಷರ ಇರುತ್ತೆ. ಆದ್ರೆ ಆ ಮನುಷ್ಯನ್ನ ನಾನು ಕೇಳಲ್ಲ. ಡಿಸ್ಕ್ ತಗೊಂಡೋಗಿ ಬೆಂಕಿಗೆ ಹಾಕ್ತೀನಿ, ಕೇಳಲ್ಲ."

"ಕೇಳ್ಬೇಡ. ಪೆಟ್ಟಿಗೆ ಅವನ ಹತ್ರ ಇದೆ, ಅದೇನು ಅಂತ ಅವನಿಗೆ ಗೊತ್ತಿಲ್ಲ. ತಂಗಿ ಅಣ್ಣನ ಮನೆಗೆ ಹೋದ್ರೆ ಯಾರು ಬೇಡ ಅಂತಾರೆ? ಎತ್ತಿ ಚೀಲಕ್ಕೆ ಹಾಕ್ಕೊಂಡು ಬರ್ತೀನಿ" ಎಂದು ಹೊರಟೆ.

ಹನ್ನೆರಡು ತಲೆಯ ಕಾರ್ಖಾನೆ ಒಂದು ಉದ್ದನೆಯ ಶೆಡ್ಡು. ಒಳಗೆ ಕಾಲಿಟ್ಟರೆ ಸೂಜಿಗಳ ಗದ್ದಲಕ್ಕೆ ಹಲ್ಲು ಜುಮ್ಮೆನ್ನುತ್ತದೆ. ಬಾಗಿಲ ಹತ್ತಿರವೇ ಗಿರಾಕಿಗಳಿಗೆ ಒಂದು ಸೋಫಾ, ಅದರ ಮೇಲೆ ಯಾರು ಕೂತಿರಬೇಕು? ಯೂನಿಫಾರ್ಮ್ ಕಂಪನಿಯ ಯಜಮಾನಿ. ತೊಡೆಯ ಮೇಲೆ ಡಿಸೈನುಗಳ ಆಲ್ಬಮ್ಮು. ಅಣ್ಣ ಬಗ್ಗಿ ಹಾಳೆ ತಿರುವಿ ತೋರಿಸುತ್ತಿದ್ದ, ಒಂದೊಂದಕ್ಕೂ "ಇದು ನಾನೇ ಕೂತು ಮಾಡಿದ್ದು ಮೇಡಂ" ಎನ್ನುತ್ತಿದ್ದ. ನನ್ನನ್ನು ಕಂಡು ಅವನ ಮುಖ ಹುಳ್ಳಗಾಯಿತು.

"ಏನೂ ಇಲ್ಲ ಅಣ್ಣ, ಅಮ್ಮ ನಿನ್ನ ನೆನೆಸ್ಕೊಳ್ತಾ ಇದ್ಲು, ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದೆ. ಜೇನು ಸುರಿಯುವ ದನಿಯಲ್ಲಿ. ಹೇಳುತ್ತಲೇ ಕಣ್ಣು ಗೋಡೆಯ ಮೇಲೆಲ್ಲ ಓಡಾಡಿತು. ಶೆಲ್ಫಿನ ಮೇಲೆ ನಮ್ಮ ರೌಟರು, ಪಕ್ಕದಲ್ಲೇ ನಮ್ಮ ಪುಟ್ಟ ಪೆಟ್ಟಿಗೆ! ಆದರೆ ಅದರಿಂದ ಒಂದು ವೈರು ಹೊರಟು ಸ್ಪೀಕರಿಗೆ ಹೋಗಿತ್ತು. ಸ್ಪೀಕರಿನಲ್ಲಿ ಹಾಡು.

"ಇದೇನಣ್ಣ ಇದು,‌ ಚೆನ್ನಾಗಿದೆಯಲ್ಲ?" ಎಂದೆ.

"ಅದಾ? ಮನೇಲಿ ಮೂಲೆಯಲ್ಲಿ ಸುಮ್ನೆ ಬಿದ್ದಿತ್ತು. ನಮ್ಮ ಮೆಕ್ಯಾನಿಕ್ ಒಳಗಿದ್ದಿದ್ದನ್ನೆಲ್ಲ ಅಳಿಸಿಹಾಕಿ ಹಾಡು ತುಂಬಿಕೊಟ್ಟ. ಪರವಾಗಿಲ್ಲ, ಉಪಯೋಗಕ್ಕೆ ಬಂತು."

ಅಳಿಸಿಹಾಕಿ. ಅತ್ತಿಗೆಯ ಇಡೀ ಆಯುಸ್ಸಿನ ಕೆಲಸದ ಬೀಗದ ಕೈಯನ್ನು ಅಳಿಸಿ ಹಾಡು ತುಂಬಿದ್ದಾನೆ, ಅದೂ ಏನು ಎಂದು ಗೊತ್ತಿಲ್ಲದೆ! ಗೊತ್ತಿದ್ದು ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಜೇನು ಅಲ್ಲಿಗೆ ಮುಗಿಯಿತು.

"ನಿನಗೆ ನಾಚಿಕೆ ಆಗಲ್ವಾ?" ಎಂದು ಶೆಡ್ಡು ಹಾರಿಹೋಗುವ ಹಾಗೆ ಕೂಗಿದೆ. "ನಾನೇ ಕೂತು ಮಾಡಿದ್ದು ಅಂತೀಯಲ್ಲ, ಯಾವುದು ಮಾಡಿದ್ದು ನೀನು? ಅವಳು ಕಣ್ಣು ಕಳ್ಕೊಂಡು ಮಾಡಿದ್ದು. ಅವಳು ನಿನಗೆ ಏನು ಕಡಿಮೆ ಮಾಡಿದ್ಲು? ಕದ್ದು ಸಿಕ್ಕಿಬಿದ್ಮೇಲೂ ಮನೇಲಿ ಇಟ್ಕೊಂಡು ಅನ್ನ ಹಾಕಿದ್ಲಲ್ಲೋ!"

ಹನ್ನೆರಡು ತಲೆ ಗಾಬರಿಯಾಗಿ ಬಂದು ಮಷೀನು ನಿಲ್ಲಿಸಿದ. ಶೆಡ್ಡು ಒಮ್ಮೆಲೇ ನಿಶ್ಶಬ್ದವಾಯಿತು. ಅಣ್ಣನ ಕಿವಿ ಕೆಂಪಾಗುವುದು ಕಂಡಿತು.

"ಅನ್ನ ಹಾಕಿದ್ಲಾ? ಅನ್ನ ಹಾಕಿದ್ದು ಕಾಣುತ್ತೆ ನಿನಗೆ! ಕರೆಂಟು ಬಂದಾಗಲೆಲ್ಲ ನಾಯಿ ಕರೆದ ಹಾಗೆ ಕರೆದು ನನ್ನ ಕೈಲಿ ಏನು ಟೈಪ್ ಮಾಡಿಸ್ತಿದ್ಲು ಅಂತ ಗೊತ್ತಾ ನಿನಗೆ?"

ನನ್ನ ಬಾಯಿ ತೆರೆದದ್ದು ಹಾಗೇ ನಿಂತಿತು. ಜನ್ಮದಲ್ಲಿ ಒಂದು ಸಲ ನನಗೆ ಬುದ್ಧಿ ಬಾಯಿಗಿಂತ ಮುಂಚೆ ಓಡಿತು. ಇವನು ಹೇಳುತ್ತಾನೆ. ಗಾಯ ಕೆರೆದರೆ ಸಾಕು, ಹೇಳಿಯೇ ಹೇಳುತ್ತಾನೆ.

"ಏನೋ ಒಂದು ಪಾಸ್‌ವರ್ಡು" ಎಂದೆ, ತುಟಿ ಸೊಟ್ಟ ಮಾಡಿ. "ಊರವರೆಲ್ಲ ದಿನಾ ಟೈಪ್ ಮಾಡ್ತಾರೆ. ನಿನ್ನೊಬ್ಬನಿಗೇ ಗಲ್ಲು ಹಾಕಿದ ಹಾಗೆ ಆಡ್ತೀಯಲ್ಲ."

"ಪಾಸ್‌ವರ್ಡಾ?"

"ಮತ್ತೇನು? ಇಲ್ಲದ್ದೆಲ್ಲ ಕಟ್ಟಿ ಹೇಳ್ಬೇಡ. ಅವಳು ಅಂಥದ್ದೇನೂ ಹೇಳಿರಲ್ಲ. ನಿನಗೆ ಸುಳ್ಳು ಹೇಳೋದು ಚಿಕ್ಕಂದಿನಿಂದ ಅಭ್ಯಾಸ."

"ಸುಳ್ಳಾ? ಸುಳ್ಳಾ? ಕೇಳು ಹಾಗಾದ್ರೆ!" ಅವನ ಕೊರಳಿನ ನರ ಉಬ್ಬಿತು. ಬೆರಳು ಎರಡೂ ಗಾಳಿಯಲ್ಲಿ ಕುಟ್ಟತೊಡಗಿದವು. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳಿದ: "ನಾನು ಹೆಂಡತಿಯ ಕೆಲಸ ಕದ್ದು ನನ್ನದೆಂದು ಮಾರಿದ ಕಳ್ಳ. ಇದನ್ನ! ದಿನಾ! ನನ್ನ ಕೈಲಿ!"

ಹೇಳಿ ಮುಗಿಸಿ ಉಸಿರು ಎಳೆದುಕೊಂಡ. ಏನು ಹೇಳಿದೆ, ಯಾರೆದುರು ಹೇಳಿದೆ ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಯಜಮಾನಿ ಆಲ್ಬಮ್ಮು ಮುಚ್ಚಿ ಸೋಫಾದ ಮೇಲೆ ಇಟ್ಟಿದ್ದಳು.

"ಮಾರಿದ್ದು ಯಾರಿಗೆ?" ಎಂದು ಅವಳು ಶಾಂತವಾಗಿ ಕೇಳಿದಳು. ಅಣ್ಣ ಹನ್ನೆರಡು ತಲೆಯನ್ನು ನೋಡಿದ. ಹನ್ನೆರಡು ತಲೆ ಮಷೀನಿನ ಬೋಲ್ಟು ಸಡಿಲವಾಗಿದೆಯೇನೋ ಎಂಬಂತೆ ಬಗ್ಗಿ ನೋಡತೊಡಗಿದ. ಅಯ್ಯೋ, ಆ ಕ್ಷಣವನ್ನು ಏನೆಂದು ವರ್ಣಿಸಲಿ! ಅಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಬೆಂಕಿಗೆ ಕೊಡಗಟ್ಟಲೆ ತಣ್ಣೀರು ಸುರಿದ ಹಾಗಾಯಿತು. ಬೇರೆ ದಿನವಾಗಿದ್ದರೆ ನಿಂತು ಪೂರ್ತಿ ನೋಡಿ ಬರುತ್ತಿದ್ದೆ. ಆದರೆ ವಾಕ್ಯ ಮರೆತುಹೋದೀತೆಂಬ ಭಯಕ್ಕೆ ಅದನ್ನೇ ಜಪಿಸುತ್ತ ಬೀದಿಗೆ ಓಡಿದೆ. ಬಸ್ಸಿನಲ್ಲಿ ಪಕ್ಕದವಳು ನನ್ನ ಬಾಯಲ್ಲಿ 'ಕದ್ದು ಮಾರಿದ ಕಳ್ಳ' ಕೇಳಿ ಕೈಚೀಲ ತಬ್ಬಿಕೊಂಡು ಆಚೆ ಸರಿದಳು.

ಮನೆಗೆ ಬಂದರೆ ಅತ್ತಿಗೆ ಫೋನು ಹಿಡಿದು ನಿಂತಿದ್ದಳು. ಯಜಮಾನಿ ಆಗಲೇ ಮಾತಾಡಿದ್ದಳಂತೆ, ಸಂಜೆ ಬರುತ್ತೇನೆ, ನೀವು ಮಾಡಿದ್ದನ್ನೆಲ್ಲ ತೋರಿಸಿ ಎಂದಿದ್ದಳಂತೆ. "ಏನು ತೋರಿಸ್ಲಿ ನಾನು?" ಎಂದಳು ಅತ್ತಿಗೆ.

"ತೋರಿಸು ನಡಿ, ಸಿಕ್ತು!" ಎಂದು ಅವಳನ್ನು ಸ್ಟೋರ್ ರೂಮಿಗೆ ಎಳೆದುಕೊಂಡು ಹೋದೆ. ನಡೆದದ್ದನ್ನೆಲ್ಲ ಹೇಳಿ, ವಾಕ್ಯ ಒಪ್ಪಿಸಿದೆ. ಅತ್ತಿಗೆಯ ಕಣ್ಣು ಹೊಳೆಯಿತು. "ಹೌದು, ಇದೇ. ಇದೇ ಕಣೇ!" ಎಂದು ಟೈಪ್ ಮಾಡಿದಳು.

ತಪ್ಪು.

ಮತ್ತೆ ಮಾಡಿದಳು, ಒಂದೊಂದೇ ಅಕ್ಷರ ನೋಡಿ ನೋಡಿ. ತಪ್ಪು. 'ನನ್ನದೆಂದು' ಅಲ್ಲ, 'ತನ್ನದೆಂದು' ಇರಬಹುದೇ ಎಂದು ಹಾಗೂ ಮಾಡಿದಳು. ತಪ್ಪು. "ಬೇಕಂತಲೇ ತಪ್ಪು ಹೇಳಿದಾನೆ, ಹಾಳಾದೋನು" ಎಂದು ನಾನು ಗೋಡೆಗೆ ಗುದ್ದಿದೆ. ಮತ್ತೆ ಹೋಗಿ ಕುತ್ತಿಗೆ ಪಟ್ಟಿ ಹಿಡಿದು ಕೇಳುತ್ತೇನೆ ಎಂದು ಚಪ್ಪಲಿ ಹುಡುಕಿದೆ.

"ತಪ್ಪು ಹೇಳಿಲ್ಲ. ಅರ್ಧ ಹೇಳಿದಾನೆ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಅವಳು ಈ ಕೋಣೆಗೆ ಬರುವುದೇ ಇಲ್ಲ, ಬಟ್ಟೆ ಒಗೆಯಲು ಹಾಕುವುದಕ್ಕೂ ನನ್ನನ್ನೇ ಕಳಿಸುತ್ತಾಳೆ.

"ಕಳ್ಳ ಅಂದ್ಮೇಲೆ ಇನ್ನೂ ಇದೆ. 'ಹೆತ್ತವಳ ತಲೆ ಮುಟ್ಟಿ ಸುಳ್ಳು ಆಣೆ ಇಟ್ಟ ಪಾಪಿ.' ಸೇರಿಸಿ ಹಾಕಮ್ಮ."

ನನಗೆ ಏನೂ ಅರ್ಥವಾಗಲಿಲ್ಲ. ಅತ್ತಿಗೆಗೆ ಆಯಿತು. ಆಮೇಲೆ ತಿಳಿದದ್ದು ಇಷ್ಟು: ಅವತ್ತು ಮಧ್ಯಾಹ್ನ ಅಣ್ಣ ಅಡುಗೆಮನೆಯಲ್ಲಿ ಅಮ್ಮನ ತಲೆಯ ಮೇಲೆ ಕೈಯಿಟ್ಟು, ನಾನು ಕದ್ದಿಲ್ಲ ಎಂದು ಆಣೆ ಮಾಡಿದ್ದ. ಅಮ್ಮ ನಂಬಿ, ನನ್ನ ಮಗ ಅಂಥವನಲ್ಲ ಎಂದು ಸೊಸೆಯ ಮೇಲೆಯೇ ರೇಗಿದ್ದಳು. ಸಂಜೆಯೊಳಗೆ ಅವನೇ ಒಪ್ಪಿಕೊಂಡಿದ್ದ.

ಅತ್ತಿಗೆ ಇಡೀ ವಾಕ್ಯ ಟೈಪ್ ಮಾಡಿದಳು. ಡಿಸ್ಕು ತೆರೆಯಿತು. ಪರದೆಯ ಮೇಲೆ ಸಾಲುಗಳು ಸರಸರ ಓಡಿದವು.

"ನಿನಗೆ ಹೇಗೆ ಗೊತ್ತಮ್ಮ?" ಎಂದೆ ನಾನು.

"ಈ ಗೋಡೆ ಆಚೆಗೇ ಅಲ್ವೇನೇ ನನ್ನ ಮಂಚ ಇರೋದು. ಅವನಿಗೆ ಮೊದಲಿಂದಲೂ ಬಾಯಲ್ಲಿ ಹೇಳ್ಕೊಳ್ದೆ ಬರೆಯಕ್ಕೆ ಬರಲ್ಲ."

"ಅಷ್ಟು ಹೊತ್ತು ನಾವು ಇಲ್ಲಿ ತಲೆ ಚಚ್ಕೊಳ್ತಿದ್ವಲ್ಲ, ಯಾಕಮ್ಮ ಹೇಳ್ಲಿಲ್ಲ?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಅದನ್ನ ನನ್ನ ಬಾಯಿಂದ ಹೇಗೆ ಹೇಳ್ಲಿ" ಎಂದಳು.

ಅತ್ತಿಗೆ ಕೀಬೋರ್ಡು ಬಿಟ್ಟು ಎದ್ದು ನಿಂತಳು. "ಅತ್ತೆ, ಅದನ್ನ ನಾನು ಆ ಮನುಷ್ಯನಿಗೆ ಅಂತ ಹೇಳಿದ್ದು. ನಿಮಗೆ ಅಂತ ಅಲ್ಲ."

"ಗೊತ್ತಮ್ಮ" ಎಂದಳು ಅಮ್ಮ. "ಅವನು ಟೈಪ್ ಮಾಡ್ತಿದ್ದ ಅಷ್ಟೇ. ಕೇಳಿಸ್ಕೊಳ್ತಿದ್ದೋಳು ನಾನು."

ಅಷ್ಟು ಹೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಮುಂಬಾಗಿಲ ಗಂಟೆ ಬಾರಿಸಿತು, ಯಜಮಾನಿ ಬಂದಿರಬೇಕು. ನಾವಿಬ್ಬರೂ ಸ್ಟೋರ್ ರೂಮಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ಗಂಟೆ ಎರಡನೇ ಸಲ ಬಾರಿಸಿದ ಮೇಲೆ ನಾನು ಹೋಗಿ ಬಾಗಿಲು ತೆರೆದೆ.